ಮೂತಿ ಒರೆಸಿದ ಕೊಳವೆಗಳು

ಚಿಕ್ಕಮ್ಮನ ಮನೆ
ಭಾನುವಾರ ಮಧ್ಯಾಹ್ನ

ಅಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ತಪ್ಪಿನ ವಿಷಯ. ನಮ್ಮ ಕಾರ್ಖಾನೆಯ ಹೊಸ ಶಾಲಾ ವ್ಯಾನಿನ ಮುಂಭಾಗದಲ್ಲಿ ಕೂರಿಸಿರುವ ಚೌಕ ಕೊಳವೆಗಳು ಡಿಕ್ಕಿಯಾದಾಗ ಮಕ್ಕಳನ್ನು ಕಾಯುವುದಿಲ್ಲ. ಕಾಯುತ್ತವೆ ಎಂದು ಪರೀಕ್ಷಿಸಿ ಸಹಿ ಹಾಕಿದವಳು ನೀನು. ಅದಕ್ಕೆ ಶಿಕ್ಷೆ ಅನುಭವಿಸುತ್ತಿರುವುದು ಕೊಳವೆ ಸುತ್ತುವ ನಮ್ಮ ಅಚ್ಚಿನ ಮನೆಯ ದೊಡ್ಡಕ್ಕ. ಈ ಮಾತುಗಳನ್ನು ಸ್ವಲ್ಪ ಮೆತ್ತಗೆ ಮಾಡೋಣವೆಂದು ಬೆಳಗಿನಿಂದ ಕಾಗದ ಹರಿದು ಹರಿದು ಹಾಕಿದೆ. ಆಗಲಿಲ್ಲ. ಹಾಗೇ ಬರೆದಿದ್ದೇನೆ.

ನೀನು ಇಷ್ಟು ಓದಿ, ಕಾಗದ ಮಡಚಿ, “ಬಂತು ನೋಡಿ, ನಿಮ್ಮ ಮಗಳ ಇನ್ನೊಂದು ಕರಪತ್ರ” ಎಂದು ಅಪ್ಪನ ಕಡೆ ಚಾಚುತ್ತೀಯೆಂದು ಗೊತ್ತು. ಚಾಚಬೇಡ, ಪೂರ್ತಿ ಓದು. ಕರಪತ್ರ ಬರೆಯುವಾಗ ನಾನು ಯಾವತ್ತೂ ಒಂದು ಹಾಳೆ ಹರಿದು ಹಾಕಿಲ್ಲ. ಗೇಟಿನ ಮುಂದೆ ನಿಂತು ಸಾವಿರ ಜನಕ್ಕೆ ಹಂಚುವುದು ಸುಲಭ. ಒಬ್ಬಳಿಗೆ ಬರೆಯುವುದು ಇಷ್ಟು ಕಷ್ಟವೆಂದು ನನಗೆ ಯಾರೂ ಹೇಳಿರಲಿಲ್ಲ.

ಮಣಿಕಟ್ಟು ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಕೆ ಅಂದರೆ ಹೊಲಿಗೆ ಸೂಜಿ ತೂರಿಸುತ್ತೀಯಂತೆ, ಚಿಕ್ಕಮ್ಮ ಹೇಳಿದರು. ಹಾಗೆ ಮಾಡಬೇಡ. ಈ ಕಾಗದ ತರುವವರೂ ಅವರೇ. ಏನು ಬರೆದಿದ್ದೇನೆಂದು ಅವರಿಗೆ ಗೊತ್ತಿಲ್ಲ. “ತಾಯಿ ಮಗಳು ಒಂದೇ ಊರಲ್ಲಿದ್ದುಕೊಂಡು ಕಾಗದ ಬರೀತೀರಲ್ಲೇ, ನಾನೇನು ಅಂಚೆಯವಳಾ?” ಎಂದು ಗೊಣಗುತ್ತಾ ಯಾರದೋ ರವಿಕೆಗೆ ಗುಂಡಿ ಹಚ್ಚುತ್ತಿದ್ದಾರೆ.

ನಿನಗೆ ಗೊತ್ತಿರುವುದನ್ನೇ ಕೆಲವು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಅಚ್ಚಿನ ಮನೆಯ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ನಿನಗೆ ಗೊತ್ತಿಲ್ಲ. ನಿನ್ನ ಪರೀಕ್ಷಾ ಕೋಣೆಗೂ ನಮಗೂ ನಡುವೆ ಒಂದೇ ಒಂದು ಗೋಡೆ. ಆದರೂ ಇಷ್ಟು ವರ್ಷದಲ್ಲಿ ಅಚ್ಚಿನ ಮನೆಯ ಒಬ್ಬ ಹೆಂಗಸೂ ಆ ಗೋಡೆಯಾಚೆ ಕಾಲಿಟ್ಟಿರಲಿಲ್ಲ. ನಮಗೆ ಬರುವುದು ಸದ್ದು ಮಾತ್ರ. ಗಾಜಿನ ನೂಲಿನ ಬಟ್ಟೆಯನ್ನು ನಾವು ಪದರ ಪದರವಾಗಿ ಅಚ್ಚಿಗೆ ಸುತ್ತುತ್ತೇವೆ, ರೆಸಿನ್ ಅಂಟು ಬಳಿಯುತ್ತೇವೆ, ಗಾಳಿ ಉಳಿಯದ ಹಾಗೆ ರೋಲರ್ ಎಳೆಯುತ್ತೇವೆ. ಒಣಗಿದ ಕೊಳವೆ ಗೋಡೆಯಾಚೆ ಹೋಗುತ್ತದೆ. ಅಲ್ಲಿ ನೀನು ಅದರ ಮೇಲೆ ಕಬ್ಬಿಣದ ಭಾರ ಬೀಳಿಸುತ್ತೀಯ. ಆಗ ನಮಗೆ ಕೇಳುವುದು ಒಂದು ಉದ್ದನೆಯ ಚರಚರ ಸದ್ದು, ಯಾರೋ ಒಣಗಿದ ಎಲೆಯ ರಾಶಿಯ ಮೇಲೆ ನಡೆದುಕೊಂಡು ಹೋದ ಹಾಗೆ. ಆ ಸದ್ದು ಬಂದರೆ ಪಾಸು. ನಿನಗೆ ಪೆಟ್ಟಿನಮ್ಮ ಎಂದು ಹೆಸರಿಟ್ಟವರು ನಮ್ಮವರೇ. ಪ್ರೀತಿಯಿಂದಲೇ ಇಟ್ಟದ್ದು. “ಪೆಟ್ಟಿನಮ್ಮ ಪಾಸು ಮಾಡಿದ್ಮೇಲೆ ದೇವರು ಬಂದ್ರೂ ಫೇಲ್ ಮಾಡಕ್ಕಾಗಲ್ಲ” ಎನ್ನುತ್ತಿದ್ದರು ದೊಡ್ಡಕ್ಕ.

ನೀನು ಬಚ್ಚಲಲ್ಲಿ ಜಾರಿ ರಜೆ ಹಾಕಿದ ವಾರ, ವ್ಯಾನುಗಳು ಗೇಟು ದಾಟುವ ಮೊದಲು ಕೊನೆಯ ಸಲ ಎರಡು ಕೊಳವೆ ನೋಡಬೇಕಾಗಿತ್ತು. ನೀನಿಲ್ಲದ ಕಾರಣ ವ್ಯಾನಿನ ನಕ್ಷೆ ಬರೆದ ಎಂಜಿನಿಯರು, ನಮ್ಮ ನಕ್ಷೆಯವರೇ ಪರೀಕ್ಷೆಗೆ ನಿಂತರು. ನಾವು ಈ ಕಡೆ ರೋಲರ್ ಎಳೆಯುತ್ತಿದ್ದೆವು. ಗೋಡೆಯಾಚೆ ಭಾರ ಬಿತ್ತು. ಕಪಾಳಕ್ಕೆ ಬಾರಿಸಿದ ಹಾಗೆ ಒಂದೇ ಸಲ ಫಟ್ ಎಂದಿತು, ಮುಂದೆ ಏನೂ ಇಲ್ಲ. ದೊಡ್ಡಕ್ಕನ ಕೈ ಹಾಗೇ ನಿಂತಿತು. “ಇದು ಪೆಟ್ಟಿನಮ್ಮನ ಸದ್ದಲ್ಲ ಕಣೇ” ಎಂದರು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದೂ ಫಟ್.

ನಕ್ಷೆಯವರು ಒಡೆದ ಕೊಳವೆಯನ್ನು ಸತ್ತ ಹಕ್ಕಿಯ ಹಾಗೆ ಎರಡು ಕೈಯಲ್ಲಿ ಹಿಡಿದು ಬಂದರು. ನಾಲ್ಕು ಮೂಲೆಗಳೂ ಉದ್ದಕ್ಕೆ ಸೀಳಿ, ನಾಲ್ಕು ಗೋಡೆಗಳೂ ಹೊರಕ್ಕೆ ಮಲಗಿದ್ದವು. ಅಂಗಡಿಯವರು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಚಪ್ಪಟೆ ಮಾಡುತ್ತಾರಲ್ಲ, ಹಾಗೆ. ಅವರ ಮುಖ ಸುಣ್ಣದಂತಾಗಿತ್ತು. “ಇದನ್ನ ಸುತ್ತಿದ್ದು ಯಾರು?” ಎಂದು ಕೇಳಿದರು. ದೊಡ್ಡಕ್ಕ ಕೈ ಒರೆಸಿಕೊಂಡು ಮುಂದೆ ಬಂದು, “ನಾನೇ ಸಾರ್. ಚೆನ್ನಾಗೇ ಸುತ್ತಿದ್ದೀನಿ” ಎಂದರು. ಮಾರನೇ ದಿನ ಅವರನ್ನು ಮನೆಗೆ ಕಳಿಸಿದರು. ಮೂಲೆಗಳಲ್ಲಿ ರೋಲರ್ ಸರಿಯಾಗಿ ಒತ್ತಿಲ್ಲ, ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು. ನನಗೆ ರೋಲರ್ ಹಿಡಿಯಲು ಕಲಿಸಿದ ಕೈ ಅದು.

ಆಮೇಲೆ ನಾನು ಏನು ಮಾಡಿದೆನೆಂದು ನಿನಗೆ ಗೊತ್ತು. ‘ನಾಲ್ಕು ಮೂಲೆ, ಒಬ್ಬ ಮಾಲೀಕ’ ಎಂಬ ಕರಪತ್ರ ಬರೆದೆ. ಹಳೆಯ ವ್ಯಾನಿಗೆ ದುಂಡು ಕೊಳವೆ ಇತ್ತು, ಯಾವತ್ತೂ ಹೀಗೆ ಸೀಳಲಿಲ್ಲ. ಲಾಭಕ್ಕಾಗಿ ಚೌಕ ಮಾಡಿದರು, ಮಕ್ಕಳ ಪ್ರಾಣಕ್ಕಿಂತ ಮಾಲೀಕನಿಗೆ ಮೂಲೆ ಮುಖ್ಯ, ಹೀಗೆ. ನಿನ್ನ ಪಾತ್ರೆ ತೊಳೆಯಲು ಬಂದ ದಿನ ಅದನ್ನು ನಿನಗೇ ಮೊದಲು ಓದಿ ಹೇಳಿದೆ. ನಿನ್ನ ಮೆಚ್ಚುಗೆ ಬೇಕಾಗಿತ್ತು, ಈಗ ಹೇಳುತ್ತಿದ್ದೇನೆ. ನೀನು ಕೇಳಿ, “ನಿನ್ನ ಕರಪತ್ರದಲ್ಲಿ ಊಟಕ್ಕೆ ಉಪ್ಪು ಕಮ್ಮಿ ಆದ್ರೂ ಮಾಲೀಕನೇ ಕಾರಣ” ಎಂದೆ. ನಾನು ನಗಬಹುದಿತ್ತು. ಆದರೆ ನೀನು ಅಲ್ಲಿಗೆ ನಿಲ್ಲಿಸಲಿಲ್ಲ. “ಕೊಳವೆ ಚೌಕ ಇರ್ಲಿ, ದುಂಡಗಿರ್ಲಿ, ನನ್ನ ಕೈಲಿ ಪಾಸಾದದ್ದು ಹೀಗೆ ಒಡೆಯಲ್ಲ. ನಿಮ್ಮವರು ಮಾತಾಡ್ತಾ ಮಾತಾಡ್ತಾ ಕೆಲಸ ಕೆಡಿಸಿರ್ತಾರೆ” ಎಂದೆ. ನಿಮ್ಮವರು! ನಾನು ತಟ್ಟೆಯನ್ನು ಸಿಂಕಿನಲ್ಲಿ ಬಿಟ್ಟು, ಬಾಗಿಲು ಬಡಿದು ಬಂದೆ. ಅಪ್ಪ ನಿನ್ನ ಮಾತಿಗೂ ತಲೆಯಾಡಿಸಿದರು, ನನ್ನ ಮಾತಿಗೂ ತಲೆಯಾಡಿಸಿದರು. ಅವರ ಕತ್ತಿಗೆ ಎಣ್ಣೆ ಹಚ್ಚು.

ಕರಪತ್ರ ಅಚ್ಚಿಗೆ ಕೊಡುವ ಮುಂಚೆ ಎದುರಾಳಿಯ ಬಾಯಿಂದಲೇ ಒಪ್ಪಿಗೆ ಹೊರಡಿಸಬೇಕೆಂದು ಎಲ್ಲೋ ಓದಿದ್ದೆ. ಅದಕ್ಕೆ ನಕ್ಷೆಯವರ ಕೋಣೆಗೆ ನುಗ್ಗಿದೆ. ಜಗಳಕ್ಕೆಂದೇ ಹೋದದ್ದು. ಅವರು ಕುರ್ಚಿ ತೋರಿಸಿ, ತಮ್ಮ ಚಹಾವನ್ನು ಎರಡು ಲೋಟಕ್ಕೆ ಹಂಚಿದರು. ಚೌಕ ಯಾಕೆ ಮಾಡಿದಿರಿ ಎಂದು ಕೇಳಿದೆ. ಹಳೆಯ ವ್ಯಾನಿನಲ್ಲಿ ದುಂಡು ಕೊಳವೆ ಕೂರಿಸಲು ದಪ್ಪನೆಯ ಕಬ್ಬಿಣದ ಬಟ್ಟಲು ಬೇಕಾಗಿತ್ತಂತೆ, ಅದು ಒಳಗೆ ಚಾಚಿಕೊಂಡು ಮುಂದಿನ ಸಾಲಿನ ಮಕ್ಕಳ ಕಾಲಿಗೆ ಜಾಗವೇ ಇರಲಿಲ್ಲವಂತೆ. ಚೌಕವಾದರೆ ನೇರವಾಗಿ ಬೋಲ್ಟು ಹಾಕಬಹುದು, ಸಣ್ಣ ಗ್ಯಾರೇಜಿನವರೂ ಬದಲಾಯಿಸಬಹುದು. “ಮಕ್ಕಳು ಕಾಲು ಮಡಚಿಕೊಂಡು ಕೂತಿದ್ದು ನೋಡಕ್ಕಾಗ್ಲಿಲ್ಲಮ್ಮ, ಅಷ್ಟೇ” ಎಂದರು. ನನ್ನ ಕರಪತ್ರದ ಅರ್ಧ ಅಲ್ಲೇ ಉದುರಿತು. ಅವರ ಮೇಲೆ ಕೋಪವೂ ಬಂತು. ಮಾಲೀಕನ ಕಡೆಯವರು ಇಷ್ಟು ಒಳ್ಳೆಯವರಾಗಿರಬಾರದು.

ಅವರೇ ಒಂದು ತೆಳ್ಳನೆಯ ಪುಸ್ತಿಕೆ ಕೊಟ್ಟರು, ಆಕಾರಕ್ಕೂ ಪೆಟ್ಟಿಗೂ ಇರುವ ಸಂಬಂಧದ ಮೇಲೆ. ಪುಸ್ತಿಕೆ ಸಿಕ್ಕರೆ ನಾನು ಬಿಡುವವಳಲ್ಲ, ನಿನಗೆ ಗೊತ್ತು. ಕಬ್ಬಿಣವಾದರೆ ಪೆಟ್ಟು ಬಿದ್ದಾಗ ಮಡಿಚಿಕೊಳ್ಳುತ್ತದೆ. ಮಡಿಚುವುದರಲ್ಲೇ ಪೆಟ್ಟಿನ ಬಲ ಖರ್ಚಾಗುತ್ತದೆ. ನಮ್ಮ ಗಾಜಿನ ನೂಲಿನ ಕೊಳವೆ ಮಡಿಚುವುದಿಲ್ಲ. ಅದು ತುದಿಯಿಂದ ಶುರುಮಾಡಿ ಚೂರು ಚೂರಾಗಿ ಪುಡಿಯಾಗಬೇಕು. ಒಂದೊಂದು ಚೂರು ಒಡೆಯುವಾಗಲೂ ಪೆಟ್ಟಿನದೊಂದು ಪಾಲನ್ನು ತಿಂದುಹಾಕುತ್ತದೆ. ಹಾಗೆ ನಿಧಾನವಾಗಿ ಸತ್ತರೆ ಹಿಂದೆ ಕೂತವರು ಬದುಕುತ್ತಾರೆ. ದುಂಡಗಿನ ಕೊಳವೆಯಲ್ಲಿ ಒಂಟಿಯಾದ ಜಾಗವೇ ಇಲ್ಲವಂತೆ. ಪ್ರತಿ ಚೂರಿಗೂ ಎರಡೂ ಪಕ್ಕದಲ್ಲಿ ಆತುಕೊಳ್ಳಲು ಯಾರೋ ಇದ್ದಾರೆ, ಭಾರ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಒಗ್ಗಟ್ಟಿನ ಬಗ್ಗೆ ನಾನು ಓದಿದ ಯಾವ ಕರಪತ್ರವೂ ಇಷ್ಟು ಚೆನ್ನಾಗಿ ಹೇಳಿಲ್ಲ. ಚೌಕದಲ್ಲಿ ದುಡಿಯುವುದು ನಾಲ್ಕು ಮೂಲೆಗಳು ಮಾತ್ರ. ನಡುವಿನ ಚಪ್ಪಟೆ ಗೋಡೆಗಳು ಸಭೆಗೆ ಬಂದ ಅತಿಥಿಗಳ ಹಾಗೆ ಸುಮ್ಮನೆ ನಿಂತಿದ್ದು, ಪೆಟ್ಟು ಬಿದ್ದೊಡನೆ ಹೊರಗೆ ಬಾಗಿ ಜಾರಿಕೊಳ್ಳುತ್ತವೆ. ಇದು ನಕ್ಷೆಯವರಿಗೂ ಗೊತ್ತಿತ್ತು. ಅದಕ್ಕಾಗಿಯೇ ಗೋಡೆ ದಪ್ಪ ಮಾಡಿಸಿದ್ದರು. ಅವರ ಲೆಕ್ಕದ ಪ್ರಕಾರ ಚೌಕವೂ ಸಾಕು. ನಿನ್ನ ಪರೀಕ್ಷೆಯಲ್ಲಿ ಸಾಕಾಗಿಯೂ ಇತ್ತು.

ಹಾಗಾದರೆ ಈಗ ಯಾಕೆ ಒಡೆಯಿತು? ಒಡೆದ ಎರಡು ಕೊಳವೆಗಳ ಚೂರುಗಳನ್ನು ಕೇಳಿಕೊಂಡು ಚೀಲದಲ್ಲಿ ತಂದು ಚಿಕ್ಕಮ್ಮನ ಕತ್ತರಿಸುವ ಮೇಜಿನ ಮೇಲೆ ಹರವಿದೆ. ಅವರು, “ಬಟ್ಟೆಗೆ ಚುಚ್ಚುತ್ತೆ ಎತ್ತೇ ಅದನ್ನ” ಎಂದು ಕೂಗುತ್ತಿದ್ದರು. ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕು ಇಲ್ಲ. ದೊಡ್ಡಕ್ಕನ ಕೆಲಸ ಕನ್ನಡಿಯ ಹಾಗಿತ್ತು. ನನಗೆ ಖುಷಿಯಾಗಬೇಕಿತ್ತು, ಆದರೆ ತಲೆಕೆಟ್ಟಿತು. ಆಕಾರ ಅದೇ, ಕೆಲಸ ಅದೇ. ನಿನ್ನ ಕೈಯಲ್ಲಿ ಪುಡಿಯಾಗುವ ಕೊಳವೆ ಇನ್ನೊಬ್ಬರ ಕೈಯಲ್ಲಿ ಸೀಳುತ್ತದೆ!

ಶುಕ್ರವಾರ ನಿನ್ನ ಕನ್ನಡಕ ತರಲು ಪರೀಕ್ಷಾ ಕೋಣೆಗೆ ಹೋದೆ. ಚಿಕ್ಕಮ್ಮನ ಕೈಯಲ್ಲಿ ಹೇಳಿ ಕಳಿಸಿದ್ದೆಯಲ್ಲ, ಅದಕ್ಕೆ. ಅಚ್ಚಿನ ಮನೆಯವರಲ್ಲಿ ಮೊದಲು ಆ ಹೊಸ್ತಿಲು ದಾಟಿದವಳು ನಾನೇ ಇರಬೇಕು, ಅದೂ ಕನ್ನಡಕದ ನೆಪದಲ್ಲಿ. ಎಷ್ಟು ಚೊಕ್ಕಟವಾಗಿದೆ ಅಮ್ಮ ನಿನ್ನ ಕೋಣೆ! ಪುಡಿಯಾದ ಹಳೆಯ ಕೊಳವೆಗಳು ಕಪಾಟಿನ ಮೇಲೆ ಸಾಲಾಗಿ, ಎಸಳು ಬಿಡಿಸಿಕೊಂಡ ಹೂಗಳ ಹಾಗೆ. ನಿನ್ನ ಕುರ್ಚಿಯ ಪಕ್ಕದ ಹಲಗೆಯ ಮೇಲೆ ಕನ್ನಡಕ, ಅದರ ಪಕ್ಕ ಅಂಚು ಉಜ್ಜುವ ಅರ, ಅರದ ಕೆಳಗೆ ಬಿಳೀ ಪುಡಿ. ಪುಡಿಯ ನಡುವೆ ಒಂದು ಚೌಕ ಕೊಳವೆ. ನೀನು ಬೀಳುವ ಹಿಂದಿನ ದಿನ ಸಿದ್ಧ ಮಾಡಿಟ್ಟದ್ದು, ನಕ್ಷೆಯವರು ಮುಟ್ಟದೆ ಬಿಟ್ಟದ್ದು. ಅದರ ಬಾಯಂಚು ಸುತ್ತಲೂ ಓರೆಯಾಗಿ, ನುಣ್ಣಗೆ, ಪೆನ್ಸಿಲ್ ಚೂಪು ಮಾಡಿದ ಹಾಗಿತ್ತು. ನಮ್ಮಲ್ಲಿಂದ ಹೊರಡುವ ಯಾವ ಚೌಕ ಕೊಳವೆಗೂ ಅಂಥ ಬಾಯಿ ಇಲ್ಲ. ಗರಗಸದಲ್ಲಿ ನೇರ ಕೊಯ್ಯುತ್ತೇವೆ, ಅಂಚು ಮೊಂಡಾಗಿರುತ್ತದೆ. ಹಾಗೇ ವ್ಯಾನಿಗೂ ಹೋಗುತ್ತದೆ.

ಅಲ್ಲೇ ನಿನ್ನ ಕುರ್ಚಿಯಲ್ಲಿ ಕೂತುಬಿಟ್ಟೆ. ನಾನು ಚಿಕ್ಕವಳಿದ್ದಾಗ ನೀನು ಮನೆಗೂ ಕೊಳವೆ ತಂದು ಅರದಲ್ಲಿ ಉಜ್ಜುತ್ತಾ, ಅಪ್ಪನ ಹತ್ತಿರ ಹರಟೆ ಹೊಡೆಯುತ್ತಿದ್ದೆ. ಯಾಕಮ್ಮ ಎಂದರೆ, “ಪರೀಕ್ಷೆಗೆ ಕೂರೋ ಮಕ್ಕಳನ್ನ ಮೂತಿ ಒರೆಸಿ ಕಳಿಸ್ಬೇಕು ಕಣೇ” ಎನ್ನುತ್ತಿದ್ದೆ. ನಿನಗೆ ಕೆಲಸ ಕಲಿಸಿದ ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದರಂತೆ: ಅಂಚಿನಲ್ಲಿ ನೂಲು ಕಿತ್ತುಕೊಂಡಿರುವ ಕೊಳವೆಯನ್ನು ಪೆಟ್ಟಿಗೆ ಕೂರಿಸುವುದು ಅಸಡ್ಡೆ. ದುಂಡು ಕೊಳವೆಯ ಕಾಲದಲ್ಲಿ ಆ ಮಾತು ಯಾರಿಗೂ ಕೆಡುಕು ಮಾಡಲಿಲ್ಲ. ದುಂಡನ್ನು ಲೇತಿನಲ್ಲಿ ತಿರುಗಿಸಿ ಕೊಯ್ಯುತ್ತಿದ್ದರು. ಆ ಉಳಿಯೇ ಓರೆ ಅಂಚು ಬಿಡುತ್ತಿತ್ತು. ನೀನು ಉಜ್ಜಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಚೌಕ ಬಂದಿತು, ಲೇತು ಹೋಗಿ ಗರಗಸ ಬಂದಿತು. ನಿನ್ನ ಕೈ ಮಾತ್ರ ಬದಲಾಗಲಿಲ್ಲ.

ಶನಿವಾರ ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ ಎರಡು ಚೌಕ ತುಂಡು ತೆಗೆದುಕೊಂಡೆ. ಒಂದರ ಬಾಯನ್ನು ನಿನ್ನ ಹಾಗೆ ಉಜ್ಜಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಕೊಳವೆಯ ಅಚ್ಚು ಒತ್ತುವ ನಮ್ಮ ಕೈ ಪ್ರೆಸ್ಸಿನ ಕೆಳಗೆ ಇಟ್ಟು ಚಕ್ರ ತಿರುಗಿಸಿದೆ. ಉಜ್ಜಿದ್ದು ತುದಿಯಿಂದ ಮೆಲ್ಲಗೆ ಚರಚರ ಎನ್ನುತ್ತಾ ಪುಡಿಯಾಗುತ್ತಾ ಇಳಿಯಿತು. ಓರೆ ಮಾಡಿದ ಜಾಗ ತೆಳ್ಳಗಿರುತ್ತದಲ್ಲ, ಮೊದಲ ಚೂರು ಅಲ್ಲಿ ಸುಲಭವಾಗಿ ಒಡೆಯುತ್ತದೆ, ಆಮೇಲೆ ಒಂದರ ಹಿಂದೆ ಒಂದು. ಉಜ್ಜದೆ ಬಿಟ್ಟದ್ದಕ್ಕೆ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯಲಿಲ್ಲ. ಚಕ್ರ ಬಿಗಿಯಾಗುತ್ತಾ ಹೋಯಿತು, ನನ್ನ ತೋಳು ಸೋತಿತು, ಇದ್ದಕ್ಕಿದ್ದಂತೆ ಮೂಲೆಗಳು ಬಿಚ್ಚಿ ಫಟ್ ಎಂದವು. ಗೋಡೆಯಾಚೆಯಿಂದ ಕೇಳಿದ್ದ ಅದೇ ಸದ್ದು. 

ಅಮ್ಮ, ನಾನು ಮಾಲೀಕನನ್ನು ಹುಡುಕುತ್ತಾ ಹೋದೆ. ನೀನು ಸಿಕ್ಕಿದೆ.

ನೀನು ಮೋಸ ಮಾಡಿದೆ ಎಂದು ನಾನು ಹೇಳುತ್ತಿಲ್ಲ. ಮೋಸವಾಗಿದ್ದರೆ ಈ ಕಾಗದ ಅರ್ಧ ಪುಟಕ್ಕೆ ಮುಗಿಯುತ್ತಿತ್ತು, ನನಗೂ ರಾತ್ರಿ ನಿದ್ದೆ ಬರುತ್ತಿತ್ತು. ನೀನು ಮಾಡಿದ್ದು ಪ್ರೀತಿ. ಒಡೆದುಹೋಗಲಿರುವ ವಸ್ತುವನ್ನೂ ನೀಟಾಗಿ ಕಳಿಸಬೇಕೆನ್ನುವ ನಿನ್ನ ಬುದ್ಧಿಯೇ ಕೊಳವೆಯ ಕೊರತೆಯನ್ನು ಮುಚ್ಚಿಬಿಟ್ಟಿತು. ಇದಕ್ಕೆ ಕರಪತ್ರದಲ್ಲಿ ಏನೆಂದು ತಲೆಬರಹ ಕೊಡಲಿ? ನಾನು ಓದಿದ ಪುಸ್ತಿಕೆಗಳಲ್ಲೆಲ್ಲ ತಪ್ಪು ಮಾಡುವವನಿಗೆ ತಪ್ಪಿನಿಂದ ಏನೋ ಸಿಗುತ್ತದೆ. ನಿನಗೆ ಸಿಕ್ಕಿದ್ದು ಬಿಳೀ ಪುಡಿ, ಕೆಮ್ಮು.

ಆದರೂ ನನ್ನ ಮಾತು ಪೂರ್ತಿ ಬಿಟ್ಟುಕೊಡುವುದಿಲ್ಲ, ಕೇಳು. ಆ ಗೋಡೆ ತಪ್ಪು. ದೊಡ್ಡಕ್ಕ ಒಂದೇ ಒಂದು ದಿನ ನಿನ್ನ ಪಕ್ಕ ನಿಂತಿದ್ದರೆ, “ಅಯ್ಯೋ, ನಾವು ಕಳಿಸಿದ್ದು ಹೀಗಿರ್ಲಿಲ್ವಲ್ಲ” ಎಂದು ಆವತ್ತೇ ಹೇಳುತ್ತಿದ್ದರು. ನೀನು ಒಂದೇ ದಿನ ನಮ್ಮ ಗರಗಸದ ಹತ್ತಿರ ಬಂದಿದ್ದರೆ ನಿನಗೂ ಹೊಳೆಯುತ್ತಿತ್ತು. ಮಾಡುವವರು ಪರೀಕ್ಷೆ ನೋಡಬಾರದು, ಪರೀಕ್ಷಿಸುವವರು ಮಾಡುವುದನ್ನು ನೋಡಬಾರದು ಎಂದು ಯಾರು ಕಾನೂನು ಮಾಡಿದರೋ ಅವರ ಮೇಲೆ ನಾನು ಬರೆದೇ ಬರೆಯುತ್ತೇನೆ. ಮತ್ತೆ ಓರೆ ಅಂಚು ಅಚ್ಚಿನಲ್ಲೇ ಬರಬೇಕು, ಇಲ್ಲವೇ ದುಂಡಿಗೇ ವಾಪಸ್ ಹೋಗಬೇಕು. ನಾಳೆ ಇನ್ನೊಬ್ಬಳು ಉಜ್ಜುತ್ತಾಳೆ, ನಾಳಿದ್ದು ಅವಳಿಗೆ ಮಗುವಿನ ಜ್ವರ, ಮರೆಯುತ್ತಾಳೆ. ಮಕ್ಕಳ ಪ್ರಾಣ ಯಾರೋ ಒಬ್ಬರ ಒಳ್ಳೆಯತನದ ಮೇಲೆ ನಿಂತಿರಬಾರದು, ಆ ಒಬ್ಬರು ನೀನೇ ಆದರೂ.

ಈಗ ಅವಸರ ಯಾಕೆಂದರೆ, ನಿನ್ನ ರಜೆ ಮುಗಿಯುವುದನ್ನೇ ಎಲ್ಲರೂ ಕಾಯುತ್ತಿದ್ದಾರೆ. ದೊಡ್ಡಕ್ಕನ ಜಾಗಕ್ಕೆ ಬೇರೆಯವರನ್ನು ಹಾಕಿ ಹೊಸ ಕೊಳವೆ ಮಾಡಿಸಿದ್ದಾರೆ. “ಪೆಟ್ಟಿನಮ್ಮ ಬರ್ಲಿ, ಅವರ ಕೈಯಲ್ಲೇ ಪಾಸಾಗ್ಲಿ” ಎಂದು ನಕ್ಷೆಯವರು ಹೇಳಿದ್ದಾರೆ. ನೀನು ಬರುತ್ತೀಯ. ಒಂದೇ ಕೈಯಲ್ಲಾದರೂ ಮೂತಿ ಒರೆಸಿಯೇ ಕೂರಿಸುತ್ತೀಯ. ಚರಚರ ಎಂದು ಪಾಸಾಗುತ್ತದೆ. ಹೊಸ ಕೈ ಒಳ್ಳೆಯದು, ದೊಡ್ಡಕ್ಕನ ಕೈ ಕೆಟ್ಟದ್ದು ಎಂದು ರುಜುವಾತಾಗುತ್ತದೆ. ಮೊಂಡು ಬಾಯಿಯ ಕೊಳವೆ ಹೊತ್ತ ವ್ಯಾನುಗಳು ಗೇಟು ದಾಟುತ್ತವೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಯಾವುದೋ ತಿರುವಿನಲ್ಲಿ ಒಂದು ದಿನ ಫಟ್ ಎನ್ನುತ್ತದೆ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಕೆಲಸಕ್ಕೆ ವಾಪಸ್ ಬಂದ ದಿನ ಎಲ್ಲರ ಮುಂದೆ ಎರಡು ಕೊಳವೆ ಕೂರಿಸು. ಒಂದು ನೀನು ಉಜ್ಜಿದ್ದು, ಒಂದು ಗರಗಸದಿಂದ ಬಂದ ಹಾಗೇ ಇರುವುದು. ದೊಡ್ಡಕ್ಕ ಮಾಡಿದ ಕೊಳವೆಗಳನ್ನೇ ಕೂರಿಸು, ನಮ್ಮ ಅಚ್ಚಿನ ಮನೆಯ ಮೂಲೆಯಲ್ಲಿ ಇನ್ನೂ ಇವೆ. ಭಾರ ಬೀಳಿಸು. ಆಮೇಲೆ ನಿನ್ನ ಬಾಯಿಂದಲೇ ಹೇಳು, ಇಷ್ಟು ದಿನ ನಾನು ಉಜ್ಜಿ ಕೂರಿಸುತ್ತಿದ್ದೆ ಎಂದು. ನಾನು ಹೇಳಿದರೆ ಅದು ಜಗಳಗಂಟಿಯ ಇನ್ನೊಂದು ಜಗಳ. ತಾಯಿಯನ್ನೇ ಹಿಡಿದುಕೊಟ್ಟಳು ಎನ್ನುತ್ತಾರೆ, ಕೊಳವೆಯನ್ನು ಯಾರೂ ನೋಡುವುದಿಲ್ಲ. ನೀನು ಹೇಳಿದರೆ ಅಲ್ಲಿಗೇ ಮುಗಿಯಿತು, ದೇವರು ಬಂದರೂ ಬದಲಾಗುವುದಿಲ್ಲ. ವ್ಯಾನುಗಳನ್ನು ತಡೆದು ಬಾಯಿ ಓರೆ ಮಾಡುವುದು ದೊಡ್ಡ ಕೆಲಸವೇನಲ್ಲ. ಮಕ್ಕಳು ಉಳಿಯುತ್ತಾರೆ, ದೊಡ್ಡಕ್ಕ ಉಳಿಯುತ್ತಾರೆ. ಹೋಗುವುದು ನಿನ್ನ ಹೆಸರು.

ಅದು ಸಣ್ಣದೆಂದು ನಾನು ಬರೆಯಲಾರೆ. ನಿವೃತ್ತಿಯ ಹೊಸ್ತಿಲಲ್ಲಿ ನಿಂತಿದ್ದೀಯ. ಇಷ್ಟು ವರ್ಷ ಎಲ್ಲರೂ ಕಣ್ಣು ಮುಚ್ಚಿ ನಂಬಿದ ಕೈ. ಕೆಲವರು ಕಿಸಕ್ಕೆಂದು ನಗುತ್ತಾರೆ. ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಕೆದಕುತ್ತಾರೆ. ಕಪಾಟಿನ ಆ ಹೂಗಳನ್ನು ಒಂದೊಂದಾಗಿ ಇಳಿಸಿ ಅಂಚು ತಡವುತ್ತಾರೆ. ನಿನಗೆ ಅದು ಸಹಿಸಲಾಗದೆ ಹೋಗಬಹುದು. ಸಮಾಜ ಬದಲಾಗಬೇಕಾದರೆ ಮೊದಲು ದೊಡ್ಡವರು ತಲೆ ತಗ್ಗಿಸಬೇಕು ಎಂದು ನಾನೇ ಎಷ್ಟು ಸಲ ಬರೆದಿದ್ದೇನೆ. ಆ ದೊಡ್ಡವರ ಸಾಲಿನಲ್ಲಿ ನಿನ್ನ ಮುಖ ಇರಬಹುದೆಂದು ಬರೆಯುವಾಗ ಯೋಚಿಸಿರಲಿಲ್ಲ. ಈಗ ಯೋಚಿಸಿದ್ದೇನೆ. ಆದರೂ ಬಾ ಎನ್ನುತ್ತಿದ್ದೇನೆ.

‘ನಾಲ್ಕು ಮೂಲೆ, ಒಬ್ಬ ಮಾಲೀಕ’ ಅಚ್ಚಿಗೆ ಹೋಗಲಿಲ್ಲ. ಚಿಕ್ಕಮ್ಮ ಅದರ ಹಿಂಬದಿಯಲ್ಲಿ ಅಳತೆ ಬರೆದುಕೊಳ್ಳುತ್ತಿದ್ದಾರೆ. “ಮೊದಲ ಸಲ ನಿನ್ನ ಕರಪತ್ರ ಜನರ ಉಪಯೋಗಕ್ಕೆ ಬಂತು” ಎನ್ನುತ್ತಾರೆ. ನಿನ್ನ ತಂಗಿಯಲ್ಲವೇ.

ನಿನ್ನ ಮೇಲೆ ಕೋಪವಿಲ್ಲ. ಆ ‘ನಿಮ್ಮವರು’ ಎಂಬ ಮಾತಿನ ಮೇಲೆ ಇನ್ನೂ ಸ್ವಲ್ಪ ಇದೆ. ಅಪ್ಪನಿಗೆ ಈ ಕಾಗದ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು, ತಲೆಯಾಡಿಸುತ್ತಾರೆ ಅಷ್ಟೇ. ಕನ್ನಡಕವನ್ನು ಚೀಲದಲ್ಲಿ ಕರವಸ್ತ್ರ ಸುತ್ತಿ ಇಟ್ಟಿದ್ದೇನೆ. ಗಾಜು ಒರೆಸಿದ್ದೇನೆ.

ನಿನ್ನ ಹಟಮಾರಿ ಮಗಳು,
ಕಡ್ಡಿ

ಇದನ್ನು ಬರೆಯದೆ ಕಾಗದ ಮುಚ್ಚಬಾರದು. ಮೇಲೆಲ್ಲ ನಾನು ಏನೋ ನೇರ ನಡೆಯವಳ ಹಾಗೆ ಬರೆದಿದ್ದೇನೆ. ನಿನ್ನೆ ಸಂಜೆ ದೊಡ್ಡಕ್ಕನ ವಿಚಾರಣೆ ಇತ್ತು, ನನ್ನನ್ನೂ ಕರೆದಿದ್ದರು. ನಕ್ಷೆಯವರು ನನ್ನ ಕಡೆ ತಿರುಗಿ, “ನೀನು ಚೂರುಗಳನ್ನ ತಗೊಂಡು ಹೋಗಿದ್ಯಲ್ಲಮ್ಮ, ಏನಾದ್ರೂ ಗೊತ್ತಾಯ್ತಾ?” ಎಂದು ಕೇಳಿದರು. ಅಷ್ಟು ಹೊತ್ತಿಗೆ ನನಗೆ ಎಲ್ಲ ಗೊತ್ತಿತ್ತು, ಉಗುರಿನ ಸಂದಿಯಲ್ಲಿ ಬಿಳೀ ಪುಡಿ ಇನ್ನೂ ಇತ್ತು. “ಇಲ್ಲ ಸಾರ್” ಎಂದೆ. ದೊಡ್ಡಕ್ಕ ನನ್ನ ಪಕ್ಕದಲ್ಲೇ ನಿಂತಿದ್ದರು. ಹೊರಗೆ ಬಂದ ಮೇಲೆ ನನ್ನ ಬೆನ್ನು ತಟ್ಟಿ, “ಬೇಜಾರು ಮಾಡ್ಕೋಬೇಡ ಕಣೇ, ನೀನು ನಿನ್ನ ಕೈಲಾದಷ್ಟು ಮಾಡಿದೆ” ಎಂದರು. ಅಮ್ಮ, ನನ್ನಿಂದ ಇದನ್ನು ಹೊರಲು ಆಗುತ್ತಿಲ್ಲ. ನಿನ್ನ ರಜೆ ಬುಧವಾರಕ್ಕೆ ಮುಗಿಯುತ್ತದೆ. ನೀನು ಬಂದರೆ ನಿನ್ನ ಪಕ್ಕ ನಿಂತು ಕೊಳವೆ ಎತ್ತಿಕೊಡುತ್ತೇನೆ, ನಿನ್ನ ಬಲಗೈಯ ಬದಲಿಗೆ ನನ್ನದಿರಲಿ. ಬಾರದೆ ಹೋದರೆ ನಾನೇ ಬಾಯಿ ತೆರೆಯುತ್ತೇನೆ. ದೊಡ್ಡಕ್ಕನಿಗೂ ಬರಲು ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಪರೀಕ್ಷಾ ಕೋಣೆಯ ಬಾಗಿಲಲ್ಲಿ.